ಮರಣ ಪ್ರಮಾಣಪತ್ರ ವಿದೇಶದಲ್ಲಿ ನಡೆಯಬೇಕಾದರೆ: ಶಿವಮೊಗ್ಗ, ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ ಕಡೆಯಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಅಪ್ಪನದೋ ಅಮ್ಮನದೋ ಡೆತ್ ಸರ್ಟಿಫಿಕೇಟ್ ಹಿಡಿದು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದೆವು, ಕೌಂಟರಿನಲ್ಲಿ ವಾಪಸ್ ಕಳಿಸಿದರು ಅಂತ ಒಬ್ಬರು. ಎಲ್ಲ ಸೀಲು ಹಾಕಿಸಿ ಕೊರಿಯರ್ ಮಾಡಿದೆವು, ದುಬೈನಲ್ಲಿ ಹೆಸರು ಹೊಂದುತ್ತಿಲ್ಲ ಅಂದರು ಅಂತ ಇನ್ನೊಬ್ಬರು. ವಿಚಾರಿಸಿದರೆ ಕಾಗದ ಅಸಲಿಯೇ ಇರುತ್ತದೆ. ಎಡವಟ್ಟಾಗಿರುವುದು ಕೆಲಸ ಮಾಡಿದ ಕ್ರಮದಲ್ಲಿ. ಮನೆಯಲ್ಲಿ ಸಾವಾಗಿ ದುಃಖದಲ್ಲಿರುವವರು ಹೀಗೆ ಕಚೇರಿ ಕಚೇರಿ ಅಲೆಯುವುದನ್ನು ನೋಡಲಾಗದು. ಹಾಗಾಗಿ ಯಾವುದರ ನಂತರ ಯಾವುದು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

## ಶುರು ಮಾಡುವ ಮೊದಲು: ಸೀಲು ಏನನ್ನು ಹೇಳುತ್ತದೆ?

ಈ ಕೆಲಸದಲ್ಲಿ ಒಂದರ ಮೇಲೊಂದು ಸೀಲು ಬೀಳುತ್ತದೆ. ಪ್ರತಿ ಸೀಲೂ ತನ್ನ ಹಿಂದಿನ ಸಹಿ ಮತ್ತು ಮೊಹರು ನಿಜ ಎಂದಷ್ಟೇ ಹೇಳುತ್ತದೆ. ಒಳಗೆ ಬರೆದ ಹೆಸರು, ತಾರೀಕು ಸರಿಯಿದೆಯೇ ಅಂತ ಬೆಂಗಳೂರಿನವರಾಗಲಿ ದೆಹಲಿಯವರಾಗಲಿ ನೋಡುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಅಂದರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಎಲ್ಲ ಸೀಲುಗಳು ಸಲೀಸಾಗಿ ಬೀಳಬಹುದು. ತಪ್ಪು ಸಿಕ್ಕಿಬೀಳುವುದು ವಿದೇಶದ ಕಚೇರಿಯಲ್ಲಿ. ಆಗ ಊರಿಗೆ ಬಂದು ತಿದ್ದಿಸಿ, ಹೊಸ ಪ್ರತಿ ತೆಗೆದು, ಎಲ್ಲ ಸೀಲುಗಳನ್ನೂ ಮೊದಲಿನಿಂದ ಹಾಕಿಸಬೇಕು. ಆದ್ದರಿಂದ ಕಾಗದ ಊರು ಬಿಡುವ ಮೊದಲೇ ನೂರಕ್ಕೆ ನೂರು ಸರಿಯಿರಬೇಕು.

## ಕೈಯಲ್ಲಿ ಇರಬೇಕಾದ ಕಾಗದಗಳು

- ತೀರಿಕೊಂಡವರ ಆಧಾರ್, ಇದ್ದರೆ ಪಾಸ್‌ಪೋರ್ಟ್. ಅವಧಿ ಮುಗಿದ ಪಾಸ್‌ಪೋರ್ಟ್ ಆದರೂ ಎಸೆಯಬೇಡಿ.
- ವಿದೇಶದಲ್ಲಿ ಈ ಪತ್ರ ಬಳಸುವವರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್.
- ಮರಣ ನೋಂದಣಿ ಸಂಖ್ಯೆ ಮತ್ತು ನೋಂದಣಿ ತಾರೀಕು. ಹಳೆಯ ಪ್ರತಿ ಇದ್ದರೆ ಅದರಲ್ಲೇ ಇರುತ್ತದೆ.
- ಅರ್ಜಿ ಕೊಡುವವರ ಗುರುತಿನ ಚೀಟಿ.
- ಮಗನೋ ಮಗಳೋ ಹೊರದೇಶದಲ್ಲಿದ್ದು ಇಲ್ಲಿ ಬೇರೆಯವರು ಓಡಾಡುವುದಾದರೆ ಸಹಿ ಮಾಡಿದ ಅಧಿಕಾರ ಪತ್ರ.
- ಗಟ್ಟಿ ಪ್ಲಾಸ್ಟಿಕ್ ಫೋಲ್ಡರ್. ಮಲೆನಾಡಿನ ಮಳೆಗಾಲದಲ್ಲಿ ಇದು ಬೇಕೇ ಬೇಕು. ಸೀಲಿನ ಶಾಯಿ ಒದ್ದೆಯಾಗಿ ಹರಡಿದರೆ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ.

ಲ್ಯಾಮಿನೇಶನ್ ಮಾತ್ರ ಮಾಡಿಸಲೇಬೇಡಿ. ಅದರ ಮೇಲೆ ಸೀಲು ಕೂರುವುದಿಲ್ಲ. ಜೋಪಾನ ಮಾಡಲು ಅಂತ ಲ್ಯಾಮಿನೇಟ್ ಮಾಡಿಸಿಟ್ಟ ಪ್ರತಿ ಈ ಕೆಲಸಕ್ಕೆ ಬರುವುದಿಲ್ಲ, ಹೊಸದೇ ತೆಗೆಯಬೇಕು.

## ಹಂತ 1: ಅಲ್ಲಿ ಏನು ಬೇಕು ಅಂತ ಮೊದಲು ಕೇಳಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. "ಅಪಾಸ್ಟಿಲ್ ಮಾಡಿಸಿ ಕಳಿಸು ಮಾವ" ಅಂತ ಫೋನಿನಲ್ಲಿ ಹೇಳಿದ್ದನ್ನೇ ನಂಬಿ ಹೊರಡುತ್ತಾರೆ. ಹೇಳಿದ ಹುಡುಗ ಅದನ್ನು ಸ್ನೇಹಿತರ ಬಾಯಿಂದ ಕೇಳಿರುತ್ತಾನೆ. ಅಪಾಸ್ಟಿಲ್ ಎಂದರೆ ನಮ್ಮ ಪತ್ರ ಹೊರದೇಶದಲ್ಲಿ ನಡೆಯಲಿ ಅಂತ ಭಾರತದ ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣದ ಸ್ಟಿಕ್ಕರ್.

ಪತ್ರವನ್ನು ತೆಗೆದುಕೊಳ್ಳುವ ಕಚೇರಿಗೆ, ಅದು ಬ್ಯಾಂಕೋ ಕೋರ್ಟೋ ವೀಸಾ ಕಚೇರಿಯೋ ಪಿಂಚಣಿ ವಿಭಾಗವೋ, ಇ-ಮೇಲ್ ಹಾಕಿಸಿ. ಅಪಾಸ್ಟಿಲ್ ಬೇಕೇ ಅಥವಾ ರಾಯಭಾರ ಕಚೇರಿಯ ದೃಢೀಕರಣ ಬೇಕೇ? ಮೂಲ ಪತ್ರವೇ ಬೇಕೇ? ಇಂತಿಷ್ಟು ತಿಂಗಳ ಒಳಗೆ ಕೊಟ್ಟ ಪ್ರತಿಯೇ ಆಗಬೇಕು ಎಂಬ ನಿಯಮ ಇದೆಯೇ? ಸಾವಿನ ಕಾರಣ ಬೇಕೇ? ವಂಶವೃಕ್ಷ ಬೇಕೇ, ಬೇಕಾದರೆ ಅದಕ್ಕೂ ಸೀಲು ಹಾಕಿಸಬೇಕೇ? ಅನುವಾದ ಯಾರಿಂದ ಆಗಬೇಕು? ಇವಿಷ್ಟಕ್ಕೂ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಸಾವಿನ ಕಾರಣದ ಬಗ್ಗೆ ಒಂದು ಮಾತು. ನಮ್ಮ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ ಅದನ್ನು ಪ್ರತಿಯಲ್ಲಿ ತೋರಿಸುವಂತಿಲ್ಲ. ಹಾಗಾಗಿ ರಿಜಿಸ್ಟ್ರಾರ್ ಹತ್ತಿರ "ಕಾರಣ ಸೇರಿಸಿ ಕೊಡಿ" ಅಂತ ಜಗಳ ಮಾಡಿ ಪ್ರಯೋಜನವಿಲ್ಲ. ವಿಮಾ ಕಂಪನಿ ಕಾರಣ ಕೇಳಿದರೆ ಆಸ್ಪತ್ರೆಯವರು ಕೊಡುವ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. 2023ರ ತಿದ್ದುಪಡಿಯ ನಂತರ ಅದರ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು ಅಂತಿದೆ. ಡಿಸ್ಚಾರ್ಜ್ ಕಾಗದಗಳ ಜೊತೆಗೇ ಕೇಳಿ ಪಡೆದುಕೊಳ್ಳಿ.

ಎಲ್ಲ ದೇಶಕ್ಕೂ ಒಂದೇ ದಾರಿ ಇಲ್ಲ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪಾಸ್ಟಿಲ್ ಸಾಕು. ಭಾರತದಲ್ಲಿ ಇದು 14 ಜುಲೈ 2005ರಿಂದ ಜಾರಿಯಲ್ಲಿದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಸಿಂಗಪುರ, ಒಮಾನ್, ಬಹ್ರೇನ್ ಈ ಗುಂಪಿನಲ್ಲಿವೆ. ಸೌದಿ ಅರೇಬಿಯದಲ್ಲಿ ಡಿಸೆಂಬರ್ 2022ರಿಂದ, ಕೆನಡಾದಲ್ಲಿ ಜನವರಿ 2024ರಿಂದ ಅಪಾಸ್ಟಿಲ್ ನಡೆಯುತ್ತದೆ. ಕೆಲವು ಏಜೆಂಟರು ಈಗಲೂ ಈ ಎರಡು ದೇಶಗಳಿಗೆ ರಾಯಭಾರ ಕಚೇರಿಯ ಸೀಲು ಬೇಕು ಅಂತ ಹಳೇ ಲೆಕ್ಕ ಹೇಳಿ ದುಡ್ಡು ಕೇಳುತ್ತಾರೆ, ಎಚ್ಚರ.

ಯುಎಇ, ಕತಾರ್, ಕುವೈತ್ ಈ ಒಪ್ಪಂದದಲ್ಲಿ ಇಲ್ಲ. ಅಲ್ಲಿಗೆ ರಾಯಭಾರ ಕಚೇರಿಯ ದಾರಿಯೇ.

ಜರ್ಮನಿಯದ್ದು ಬೇರೆಯೇ ಕಥೆ. ಅದು ಒಪ್ಪಂದದಲ್ಲಿದೆ, ಭಾರತವೂ ಇದೆ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಇಬ್ಬರ ನಡುವೆ ಅಪಾಸ್ಟಿಲ್ ಜಾರಿಯಲ್ಲಿಲ್ಲ. ಅಲ್ಲಿನ ಕಚೇರಿ ಬೇಕೆಂದರೆ ಜರ್ಮನ್ ದೂತಾವಾಸದ ಮೂಲಕ ಪತ್ರವನ್ನು ಪರಿಶೀಲನೆ ಮಾಡಿಸುತ್ತದೆ. ಮಕ್ಕಳು ಜರ್ಮನಿಯಲ್ಲಿ ಓದುತ್ತಿರುವ ಮನೆಯವರು ಇದನ್ನು ತಿಳಿಯದೆ ಅಪಾಸ್ಟಿಲ್‌ಗೆ ದುಡ್ಡು ಸುರಿಯಬೇಡಿ. ಯಾವ ದೇಶ ಒಳಗಿದೆ, ಯಾರ ಆಕ್ಷೇಪ ಇದೆ ಎಂಬ ಪಟ್ಟಿ ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ (HCCH) ಎಂಬ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಕೆಲವು ಬ್ಯಾಂಕುಗಳು, ಕಂಪನಿಗಳು ಕ್ಯೂಆರ್ ಕೋಡ್ ಇರುವ ಪ್ರತಿಯನ್ನೇ ಒಪ್ಪಿಕೊಳ್ಳುವುದೂ ಉಂಟು. ಹಾಗೆ ಉತ್ತರ ಬಂದರೆ ಹಂತ 4ಕ್ಕೇ ಕೆಲಸ ಮುಗಿಯಿತು. ಸುಮ್ನೆ ಬೆಂಗಳೂರಿಗೆ ಓಡಬೇಕಿಲ್ಲ.

## ಹಂತ 2: ನೋಂದಣಿ ಎಲ್ಲಿ ಆಗಿದೆ ಅಂತ ಪತ್ತೆ ಮಾಡಿ

ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡಿನವರು ಎಡವುವುದು ಇಲ್ಲೇ ಜಾಸ್ತಿ. ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಸೀರಿಯಸ್ ಆದರೆ ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಅಲ್ಲಿ ತೀರಿಕೊಂಡರೆ ದಾಖಲೆ ಇರುವುದು ಉಡುಪಿ ಅಥವಾ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ದಹನ ಊರಿನ ತೋಟದಲ್ಲೇ ಆಗಿದ್ದರೂ ಊರಿನ ಪಂಚಾಯಿತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಊರಲ್ಲಿ ಎರಡನೇ ಸಲ ನೋಂದಣಿ ಮಾಡಿಸಲು ಹೋಗಬೇಡಿ. ಒಂದೇ ಸಾವಿಗೆ ಎರಡು ನೋಂದಣಿ ಸಂಖ್ಯೆ ಬಂದರೆ ಎರಡೂ ಅನುಮಾನಕ್ಕೆ ಗುರಿಯಾಗುತ್ತವೆ.

ಶಿವಮೊಗ್ಗ ನಗರದಲ್ಲಿ ಮನೆಯಲ್ಲೋ ಖಾಸಗಿ ಆಸ್ಪತ್ರೆಯಲ್ಲೋ ತೀರಿಕೊಂಡಿದ್ದರೆ ಮಹಾನಗರ ಪಾಲಿಕೆ. ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಾದರೆ ಮೊದಲು ಆ ಆಸ್ಪತ್ರೆಯ ಜನನ ಮರಣ ವಿಭಾಗದಲ್ಲೇ ಕೇಳಿ. ಸಣ್ಣ ಪಟ್ಟಣಗಳಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ನಾಡಕಚೇರಿಯಲ್ಲಿ ವಿಚಾರಿಸಿ. ಹಳೇ ಸಾವುಗಳ ರಿಜಿಸ್ಟರ್ ನೋಡಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ.

ಇನ್ನೂ ನೋಂದಣಿಯೇ ಆಗಿಲ್ಲದಿದ್ದರೆ

ಕಾಯ್ದೆಯಲ್ಲಿ ಕೊಟ್ಟಿರುವ ಕಾಲ 21 ದಿನ. ಮನೆಯಲ್ಲೇ ತೀರಿಕೊಂಡಾಗ ನಮ್ಮ ಕಡೆ ಕರ್ಮಾಂತರ ಮುಗಿಯಲಿ ಅಂತ ಕಾಯುತ್ತಾರೆ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಡುವಷ್ಟರಲ್ಲಿ ಎರಡು ವಾರ ಹೋಗಿರುತ್ತದೆ. ಮಳೆಗಾಲವಾದರೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಇನ್ನೊಂದು ವಾರ. ದಯವಿಟ್ಟು ಯಾರಾದರೂ ಒಬ್ಬರು ಈ ಕೆಲಸವನ್ನು ಮೊದಲ ವಾರವೇ ಹೊತ್ತುಕೊಳ್ಳಿ.

21 ದಾಟಿ 30 ದಿನದ ಒಳಗಾದರೆ ತಡದ ಶುಲ್ಕ ಕಟ್ಟಿದರೆ ಆಯಿತು. 30 ದಿನ ದಾಟಿ ಒಂದು ವರ್ಷದ ಒಳಗಾದರೆ ಜಿಲ್ಲಾ ರಿಜಿಸ್ಟ್ರಾರ್ ಅವರ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದ್ದರೆ ದಂಡಾಧಿಕಾರಿಯ ಆದೇಶ ಬೇಕು. ಮೊದಲು ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. 1 ಅಕ್ಟೋಬರ್ 2023ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರ ಎಂದು ಎರಡು ಉಪವಿಭಾಗಗಳಿವೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರು ಶಿವಮೊಗ್ಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಕೇಳಿ. ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರು ಸಾಗರದಲ್ಲಿ ಕೇಳಿ.

ತೋಟದಲ್ಲೇ ದಹನ ಮಾಡಿದವರಿಗೆ ಸ್ಮಶಾನದ ರಸೀದಿ ಇರುವುದಿಲ್ಲ. ಅಂಥವರು ಕೊನೆಗಾಲದಲ್ಲಿ ನೋಡಿದ ವೈದ್ಯರ ಚೀಟಿ, ಆಶಾ ಕಾರ್ಯಕರ್ತೆಗೆ ತಿಳಿಸಿದ ವಿವರ, ನೆರೆಮನೆಯವರ ಹೇಳಿಕೆ ಎಲ್ಲ ಜೋಡಿಸಿಟ್ಟುಕೊಳ್ಳಿ. ಸ್ಥಳ ಮಹಜರು ಮಾಡುವಾಗ ಇವೇ ಆಧಾರ.

ದಾಖಲೆ ಸಿಗಲೇ ಇಲ್ಲ ಎಂದಾದರೆ

ಅಜ್ಜನ ಕಾಲದ ಸಾವಾದರೆ ಹೀಗಾಗುತ್ತದೆ. ಆಗ ಬಾಯಿಮಾತಿನ "ಇಲ್ಲ" ಕೇಳಿ ಬರಬೇಡಿ. ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ನಮೂನೆ 10ರಲ್ಲಿ ಕೊಡಲು ಅವಕಾಶವಿದೆ. ಅದನ್ನು ಕೇಳಿ ಪಡೆಯಿರಿ. ತಡವಾದ ನೋಂದಣಿಗೂ ಅದು ಬೇಕಾಗುತ್ತದೆ.

## ಹಂತ 3: ಹೊಸ ಪ್ರತಿ ತೆಗೆಯಿರಿ

ಹಳೇ ಕೈಬರಹದ ಪ್ರತಿ ಮನೆಯಲ್ಲಿದ್ದರೂ ಅದನ್ನೇ ಹಿಡಿದು ಬೆಂಗಳೂರಿಗೆ ಹೋಗಬೇಡಿ. ಸಹಿ ಮಾಡಿದ ಅಧಿಕಾರಿ ಯಾವಾಗಲೋ ನಿವೃತ್ತರಾಗಿರುತ್ತಾರೆ, ಸೀಲು ಮಾಸಿರುತ್ತದೆ. ಪರಿಶೀಲನೆ ಮಾಡುವವರಿಗೆ ತಾಳೆ ನೋಡಲು ಏನೂ ಇರುವುದಿಲ್ಲ. ಜನನ ಮರಣ ನೋಂದಣಿಗಾಗಿ ರಾಜ್ಯ ಮಾಡಿರುವ ಇ-ಜನ್ಮ ಎಂಬ ಕಂಪ್ಯೂಟರ್ ವ್ಯವಸ್ಥೆಯಿಂದ ಬರುವ ಡಿಜಿಟಲ್ ಸಹಿಯ ಪ್ರತಿ ತೆಗೆಯಿರಿ. ಅದನ್ನು ಆನ್‌ಲೈನಿನಲ್ಲೇ ಪರಿಶೀಲಿಸಬಹುದು. ಕಂಪ್ಯೂಟರಿಗೆ ಏರದ ಹಳೇ ದಾಖಲೆಯಾದರೆ ಮೊದಲು ಅದನ್ನು ಏರಿಸಿಕೊಡಲು ಅರ್ಜಿ ಕೊಡಿ. ಇದಕ್ಕೆ ಸಮಯ ಹಿಡಿಯುತ್ತದೆ, ಆದರೆ ದಾಟಿ ಹೋಗುವ ಹಂತವಲ್ಲ.

ಅರ್ಜಿ ಕೊಟ್ಟಾಗ "ಸಕಾಲ" ಯೋಜನೆಯ ಸ್ವೀಕೃತಿ ಚೀಟಿ ಕೇಳಿ. ಅದರಲ್ಲಿನ ಜಿಎಸ್‌ಸಿ ನಂಬರ್ ಇದ್ದರೆ ಅರ್ಜಿ ಎಲ್ಲಿದೆ ಅಂತ ಮನೆಯಿಂದಲೇ ನೋಡಬಹುದು.

ಪ್ರಿಂಟನ್ನು ಒಳ್ಳೆಯ ದಪ್ಪದ ಎ4 ಹಾಳೆಯಲ್ಲಿ, ಕ್ಯೂಆರ್ ಕೋಡ್ ಸ್ಪಷ್ಟವಾಗಿ ಬರುವ ಹಾಗೆ ತೆಗೆಸಿ. ಸಾಧ್ಯವಾದರೆ ನೋಂದಣಿ ಕಚೇರಿಯಲ್ಲಿ ಅದರ ಮೇಲೆ ಶಾಯಿ ಸಹಿ ಮತ್ತು ದುಂಡು ಮೊಹರು ಹಾಕಿಸಿಕೊಳ್ಳಿ. ಡಿಜಿಟಲ್ ಸಹಿಗೆ ಕಾನೂನಿನ ಬಲ ಇದೆ. ಆದರೂ ಶಾಯಿ ಸಹಿ ಇದ್ದರೆ ಮುಂದಿನ ಕೌಂಟರುಗಳಲ್ಲಿ, ಅದರಲ್ಲೂ ವಿದೇಶದಲ್ಲಿ, ಪ್ರಶ್ನೆಗಳು ಕಡಿಮೆ.

ಎಷ್ಟು ಪ್ರತಿ? ಮೂಲವನ್ನೇ ಇಟ್ಟುಕೊಳ್ಳುವ ಕಚೇರಿ ಎಷ್ಟಿವೆಯೋ ಅಷ್ಟು, ಮೇಲೆ ಒಂದು. ಸೀಲು ಹಾಕಿಸುವಾಗ ಎರಡು ಪ್ರತಿ ಒಟ್ಟಿಗೆ ಕೊಡುವುದು ಸುಲಭ. ಆಮೇಲೆ ಇನ್ನೊಂದು ಬೇಕೆಂದರೆ ಇಡೀ ಓಡಾಟ ಮತ್ತೆ.

## ಹಂತ 4: ಅಕ್ಷರ ಅಕ್ಷರ ನೋಡಿ, ತಪ್ಪಿದ್ದರೆ ಇಲ್ಲೇ ತಿದ್ದಿಸಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಇಬ್ಬರು ಕೂತು, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ.

ಪ್ರಮಾಣಪತ್ರದಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತದೆ. ನಾವು ಕನ್ನಡ ಓದಿ ಸರಿಯಿದೆ ಅಂತ ಬಿಡುತ್ತೇವೆ. ವಿದೇಶದವರು ನೋಡುವುದು ಇಂಗ್ಲಿಷ್ ಸಾಲು ಮಾತ್ರ. ತಾಳೆ ನೋಡಬೇಕಾದದ್ದು ತೀರಿಕೊಂಡವರ ಪಾಸ್‌ಪೋರ್ಟಿನ ಜೊತೆ. ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ ಎಂದರೆ ಮಗನ ಅಥವಾ ಮಗಳ ಪಾಸ್‌ಪೋರ್ಟಿನ ಕೊನೇ ಪುಟ ತೆರೆಯಿರಿ. ಅಲ್ಲಿ ತಂದೆ, ತಾಯಿ ಹೆಸರು ಇರುತ್ತದೆ. "ಇವರು ಇವರ ಮಗ" ಅಂತ ಅಲ್ಲಿನ ಗುಮಾಸ್ತ ನಂಬುವುದು ಆ ಪುಟ ನೋಡಿ.

ನಮ್ಮ ಕಡೆಯ ಹೆಸರುಗಳಲ್ಲಿ ಪದೇ ಪದೇ ಸಿಗುವ ತೊಡಕುಗಳು ಇವು.

ಇನಿಷಿಯಲ್. ನಮ್ಮಲ್ಲಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಮರಣ ಪತ್ರದಲ್ಲಿ "ಎಚ್.ಕೆ." ಅಂತಿದ್ದು, ಪಾಸ್‌ಪೋರ್ಟಿನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದಿದ್ದರೆ ಹೊರದೇಶದವರಿಗೆ ಅವು ಇಬ್ಬರ ಹೆಸರು.

ಅಮ್ಮ, ಅಪ್ಪ, ಗೌಡ, ಭಟ್, ನಾಯ್ಕ ಸೇರುವುದು ಅಥವಾ ಬಿಟ್ಟುಹೋಗುವುದು. ಆಧಾರ್‌ನಲ್ಲಿ ಶಾರದಮ್ಮ, ಮಗನ ಪಾಸ್‌ಪೋರ್ಟಿನಲ್ಲಿ ಶಾರದಾ. ಮನೆಯಲ್ಲಿ ಕರೆಯುವ ಹೆಸರನ್ನೇ ಆಸ್ಪತ್ರೆಗೆ ಸೇರಿಸುವಾಗ ಗಡಿಬಿಡಿಯಲ್ಲಿ ಬರೆಸಿರುತ್ತಾರೆ. ಅದೇ ನೋಂದಣಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಸುವವರು ಆಧಾರ್ ನೋಡಿಯೇ ಹೆಸರು ಹೇಳಿ.

ಇಂಗ್ಲಿಷ್ ಅಕ್ಷರಗಳು. "ತ" ಬರುವ ಕಡೆ ಒಬ್ಬರು ಟಿ ಎಂದಷ್ಟೇ ಬರೆದರೆ ಇನ್ನೊಬ್ಬರು ಟಿ ಎಚ್ ಬರೆಯುತ್ತಾರೆ. ಸಾವಿತ್ರಿ, ಸರಸ್ವತಿ, ಮೂರ್ತಿ, ಈ ಹೆಸರುಗಳಲ್ಲಿ ವಿಶೇಷವಾಗಿ ನೋಡಿ.

ತಾರೀಕು. ಮರಣದ ತಾರೀಕು ಮತ್ತು ನೋಂದಣಿ ತಾರೀಕು ಬೇರೆ ಬೇರೆ. ಫಾರಂ ತುಂಬುವಾಗ ಎರಡನ್ನೂ ಅದಲುಬದಲು ಮಾಡಬೇಡಿ. ರಾತ್ರಿ 12ರ ಆಸುಪಾಸಿನಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆ ಕಾಗದದಲ್ಲೂ ಪ್ರಮಾಣಪತ್ರದಲ್ಲೂ ಒಂದೇ ದಿನ ಇದೆಯೇ ಅಂತ ನೋಡಿ.

ಊರಿನ ಹೆಸರಿನ ಇಂಗ್ಲಿಷ್ ರೂಪದ ಬಗ್ಗೆ ಬಹಳ ಜನ ಗಾಬರಿಯಾಗುತ್ತಾರೆ. ನವೆಂಬರ್ 1, 2014ರಂದು ಅಧಿಕೃತವಾಗಿ ಶಿವಮೊಗ್ಗ ಆಯಿತು. ಅದಕ್ಕಿಂತ ಹಳೆಯ ಪಾಸ್‌ಪೋರ್ಟುಗಳಲ್ಲಿ ಶಿಮೊಗ ಎಂದಿರುತ್ತದೆ. ಇದಕ್ಕಾಗಿ ತಿದ್ದುಪಡಿ ಮಾಡಿಸಬೇಕಿಲ್ಲ. ಕೇಳಿದರೆ ಒಂದು ಸಾಲಿನ ವಿವರಣೆ ಸಾಕು.

ತಪ್ಪು ಸಿಕ್ಕಿದರೆ ಕಾಯ್ದೆಯ 15ನೇ ಕಲಂ ಪ್ರಕಾರ ನೋಂದಣಿ ಮಾಡಿದ ರಿಜಿಸ್ಟ್ರಾರ್‌ಗೇ ಅರ್ಜಿ ಕೊಡಿ. ಬರವಣಿಗೆಯ ಸಣ್ಣ ತಪ್ಪಾದರೆ ದಾಖಲೆ ನೋಡಿ ಅವರೇ ಸರಿಪಡಿಸಬಹುದು. ಹೆಸರಿನಂಥ ಮುಖ್ಯ ವಿಷಯವಾದರೆ ವಿಷಯ ಗೊತ್ತಿರುವ ನಂಬಿಕಸ್ಥ ಇಬ್ಬರ ಘೋಷಣೆ, ಜೊತೆಗೆ ಆಧಾರ್, ಪಾಸ್‌ಪೋರ್ಟ್, ಶಾಲೆ ದಾಖಲೆಯಂಥ ಪುರಾವೆ ಬೇಕಾಗುತ್ತದೆ. ಪುರಾವೆ ಸಾವಿಗೆ ಮೊದಲೇ ಹುಟ್ಟಿದ್ದಾಗಿದ್ದರೆ ಬಲ ಜಾಸ್ತಿ.

"ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿದರೆ ಸಾಲದಾ?" ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಇಲ್ಲಿನ ಬ್ಯಾಂಕುಗಳಲ್ಲಿ ನಡೆಯುತ್ತದೆ, ನಿಜ. ಹೊರದೇಶದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಅಫಿಡವಿಟ್ ಎಂದರೆ ನಿಮ್ಮ ಮಾತು. ಪ್ರಮಾಣಪತ್ರ ಎಂದರೆ ಸರ್ಕಾರದ ದಾಖಲೆ. ದಾಖಲೆಯನ್ನೇ ಸರಿಮಾಡಿಸಲು ಸಾಧ್ಯವಿದ್ದಾಗ ಅಫಿಡವಿಟ್‌ನ ಅಡ್ಡದಾರಿ ಬೇಡ. ತಿದ್ದುಪಡಿ ಸಾಧ್ಯವೇ ಇಲ್ಲದ ಕಡೆ ಮಾತ್ರ ಅದು ಕೊನೇ ಉಪಾಯ. ಅದಕ್ಕೂ ಆಗ ಪ್ರತ್ಯೇಕವಾಗಿ ಸೀಲುಗಳು ಬೇಕಾಗಬಹುದು.

## ಹಂತ 5: ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ

ಜನನ, ಮರಣ, ಮದುವೆ ಪತ್ರಗಳನ್ನು ವಿದೇಶಾಂಗ ಸಚಿವಾಲಯ ನೇರವಾಗಿ ಮುಟ್ಟುವುದಿಲ್ಲ. ಮೊದಲು ರಾಜ್ಯದ ಒಳಾಡಳಿತ ಇಲಾಖೆಯ ದೃಢೀಕರಣ ಬೀಳಬೇಕು. ಶಿವಮೊಗ್ಗದ ನೋಟರಿ ಸೀಲಾಗಲಿ, ಡಿಸಿ ಕಚೇರಿಯ ಸೀಲಾಗಲಿ ಇದಕ್ಕೆ ಬದಲಿಯಲ್ಲ.

ಮೂಲ ಪತ್ರ, ಅದರ ಜೆರಾಕ್ಸ್, ಅರ್ಜಿದಾರರ ಗುರುತಿನ ಚೀಟಿ, ಪತ್ರ ಬಳಸುವವರ ಪಾಸ್‌ಪೋರ್ಟ್ ಜೆರಾಕ್ಸ್, ಯಾವ ದೇಶಕ್ಕೆ ಯಾವ ಕಾರಣಕ್ಕೆ ಎಂದು ಬರೆದ ಅರ್ಜಿ, ಬೇರೆಯವರು ಹೋಗುವುದಾದರೆ ಅಧಿಕಾರ ಪತ್ರ, ಇಷ್ಟು ಒಯ್ಯಿರಿ. ಸೋಮವಾರ ಬೆಳಿಗ್ಗೆಯೇ ತಲುಪುವ ಹಾಗೆ ಹೊರಡಿ, ವಾರದ ಕೊನೆಗೆ ಹೋದರೆ ಶನಿವಾರ ಭಾನುವಾರ ಬೆಂಗಳೂರಿನಲ್ಲೇ ಕಾಯಬೇಕಾಗುತ್ತದೆ. ಸರ್ಕಾರಿ ರಜೆಯ ಪಟ್ಟಿ ನೋಡಿಕೊಂಡು ಟಿಕೆಟ್ ತೆಗೆಯಿರಿ.

ಏಜೆಂಟರು ಕೆಲವೊಮ್ಮೆ ಈ ಹಂತ ಬಿಟ್ಟು ಪತ್ರವನ್ನು ದೆಹಲಿಗೆ ಒಯ್ದು ಅಲ್ಲಿನ ಎಸ್‌ಡಿಎಂ (ಉಪವಿಭಾಗ ದಂಡಾಧಿಕಾರಿ) ಸಹಿ ಹಾಕಿಸುತ್ತಾರೆ. ಬೇಗ ಆಗುತ್ತದೆ ಅನ್ನುತ್ತಾರೆ. ಆದರೆ ಸಾವು ನೋಂದಣಿಯಾದ ರಾಜ್ಯದ ಸೀಲೇ ಬೇಕು ಎನ್ನುವ ರಾಯಭಾರ ಕಚೇರಿಗಳಿವೆ. ಗಲ್ಫ್ ದೇಶಕ್ಕೆ ಕಳಿಸುವವರು ಈ ದಾರಿ ಹಿಡಿಯದಿರುವುದು ಒಳ್ಳೆಯದು.

## ಹಂತ 6: ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್

ಇದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ. 2019ರ ಜನವರಿಯಿಂದ ಈ ಕೆಲಸವನ್ನು ಹಲವು ನಗರಗಳಿಗೆ ಹಂಚಿದ್ದಾರೆ, ಬೆಂಗಳೂರೂ ಅದರಲ್ಲಿದೆ. ಆದರೆ ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ. ಅದು ನೇಮಿಸಿದ ಸಂಗ್ರಹ ಸಂಸ್ಥೆಗಳಿಗೆ ಕೊಡಬೇಕು. ಆ ಸಂಸ್ಥೆಗಳ ಹೆಸರು, ವಿಳಾಸ ಸಚಿವಾಲಯದ ಜಾಲತಾಣದಲ್ಲಿವೆ. ಅಲ್ಲಿ ಇಲ್ಲದ ಹೆಸರಿನವರು ಎಷ್ಟೇ ದೊಡ್ಡ ಬೋರ್ಡ್ ಹಾಕಿದ್ದರೂ ಮಧ್ಯವರ್ತಿಗಳು.

ಅಪಾಸ್ಟಿಲ್‌ಗೆ ಸರ್ಕಾರದ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಅದರ ಮೇಲೆ ಸಂಗ್ರಹ ಸಂಸ್ಥೆಯ ಸಣ್ಣ ಸೇವಾ ಶುಲ್ಕ, ಸ್ಕ್ಯಾನ್ ಖರ್ಚು. ಒಪ್ಪಂದದಲ್ಲಿ ಇಲ್ಲದ ದೇಶಗಳಿಗೆ ಹಾಕುವ ಸಾಮಾನ್ಯ ದೃಢೀಕರಣಕ್ಕೆ ಸಚಿವಾಲಯದ ಶುಲ್ಕವೇ ಇಲ್ಲ. ಸಾವಿರಾರು ರೂಪಾಯಿ "ಗೌರ್ಮೆಂಟ್ ಫೀಸ್" ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ. ಓಡಾಟಕ್ಕೆ ಕೂಲಿ ಕೇಳುವುದು ತಪ್ಪಲ್ಲ. ಆದರೆ ಅದನ್ನು ಬೇರೆಯಾಗಿ ಬರೆದು ಕೊಡಲಿ.

ಫಾರಂನಲ್ಲಿ ದೇಶದ ಹೆಸರು ಬರೆಯುವಾಗ ಎಚ್ಚರ ಇರಲಿ. ಯುಎಇಗೆ ಬೇಕಾದ ಪತ್ರಕ್ಕೆ ಅಪಾಸ್ಟಿಲ್ ಎಂದೂ, ಕೆನಡಾದ ಪತ್ರಕ್ಕೆ ಸಾಮಾನ್ಯ ದೃಢೀಕರಣ ಎಂದೂ ಹಾಕಿಸಿಕೊಂಡು ಬಂದವರಿದ್ದಾರೆ.

ಅಪಾಸ್ಟಿಲ್ ಚೌಕಾಕಾರದ ಸ್ಟಿಕ್ಕರ್. ಸಾಮಾನ್ಯವಾಗಿ ಪತ್ರದ ಹಿಂಬದಿಯಲ್ಲಿ ಅಂಟಿಸುತ್ತಾರೆ. ಒಪ್ಪಂದದಲ್ಲಿ ಹೇಳಿದ 10 ಅಂಶಗಳು ಅದರಲ್ಲಿರುತ್ತವೆ. ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮೊದಲು ಹೆಸರು, ತಾರೀಕು, ಸಂಖ್ಯೆ ನೋಡಿ. ಆ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿದರೆ ವಿವರ ಬರಬೇಕು. ಬರದಿದ್ದರೆ ಅಲ್ಲೇ ನಿಂತು ಕೇಳಿ.

ಜೆರಾಕ್ಸ್‌ಗೆ ನೋಟರಿ ಮಾಡಿಸಿ ಅದರ ಮೇಲೆ ಅಪಾಸ್ಟಿಲ್ ಹಾಕಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದು ನೋಟರಿಯ ಸಹಿಗೆ ಸಿಕ್ಕ ಅಪಾಸ್ಟಿಲ್, ಮರಣ ಪತ್ರಕ್ಕೆ ಸಿಕ್ಕಿದ್ದಲ್ಲ. ಮೂಲವೇ ಬೇಕು ಎನ್ನುವ ಕಚೇರಿ ಅದನ್ನು ಒಪ್ಪುವುದಿಲ್ಲ.

## ಹಂತ 7: ಯುಎಇ, ಕತಾರ್, ಕುವೈತ್‌ನಂಥ, ಒಪ್ಪಂದದಲ್ಲಿಲ್ಲದ ದೇಶಗಳಿಗೆ ಮಾತ್ರ ಇರುವ ಹಂತ

ಸಚಿವಾಲಯದ ಸೀಲಿನ ನಂತರ ಆ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಸೀಲು. ಅದರ ಶುಲ್ಕ ಬೇರೆ, ಸಾಕಷ್ಟು ಜಾಸ್ತಿಯೇ. ಆಮೇಲೆ ಪತ್ರ ಆ ದೇಶ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ ಸೀಲು. ಇದನ್ನು ಅಲ್ಲಿರುವ ಮಕ್ಕಳೇ ಮಾಡಿಸಬೇಕು. ಈ ಕೊನೇ ಸೀಲನ್ನು ಮರೆತು ನೇರವಾಗಿ ಬ್ಯಾಂಕಿಗೋ ಕೋರ್ಟಿಗೋ ಒಯ್ದರೆ ತಿರಸ್ಕಾರ ಖಚಿತ.

ಗಲ್ಫ್‌ನಲ್ಲಿ ಕೆಲಸ ಮಾಡಿ ಊರಿಗೆ ಬಂದು ತೀರಿಕೊಂಡವರ ಬಾಕಿ ಹಣ, ಬ್ಯಾಂಕ್ ಖಾತೆ ಬಿಡಿಸಲು ಮರಣ ಪತ್ರ ಒಂದೇ ಸಾಲುವುದಿಲ್ಲ. ವಾರಸುದಾರರು ಯಾರು ಎಂಬ ದಾಖಲೆಯನ್ನೂ ಕೇಳುತ್ತಾರೆ. ಎರಡನ್ನೂ ಒಟ್ಟಿಗೆ ಹಂತ 5ರಿಂದ ಸಾಗಿಸಿ. ವಂಶವೃಕ್ಷದಲ್ಲಿ ಬರುವ ಹೆಸರುಗಳು ಮರಣ ಪತ್ರಕ್ಕೂ ಪಾಸ್‌ಪೋರ್ಟಿಗೂ ಹೊಂದಬೇಕು, ಹಾಗಾಗಿ ನಾಡಕಚೇರಿಗೆ ಅರ್ಜಿ ಕೊಡುವಾಗಲೇ ಅದೇ ಅಕ್ಷರಗಳಲ್ಲಿ ಬರೆಸಿ.

## ಹಂತ 8: ಅನುವಾದ ಕೊನೆಯಲ್ಲಿ

ಅನುವಾದವನ್ನು ಮೊದಲೇ ಮಾಡಿಸುವುದು ಸಾಮಾನ್ಯ ತಪ್ಪು. ಅರಬಿ, ಫ್ರೆಂಚ್, ಇಟಾಲಿಯನ್ ಯಾವುದೇ ಇರಲಿ, ಪತ್ರದ ಜೊತೆ ಸೀಲುಗಳೂ ಸ್ಟಿಕ್ಕರೂ ಅನುವಾದವಾಗಬೇಕು. ಅವು ಬೀಳುವ ಮೊದಲೇ ಮಾಡಿಸಿದ ಅನುವಾದ ಅರ್ಧದ್ದು. ಜೊತೆಗೆ ಬಹುತೇಕ ದೇಶಗಳಲ್ಲಿ ಅಲ್ಲಿನ ಸರ್ಕಾರ ಅಧಿಕಾರ ಕೊಟ್ಟ ಅನುವಾದಕರೇ ಆಗಬೇಕು. ಇಂಗ್ಲಿಷ್ ನಡೆಯುವ ದೇಶಗಳಿಗೆ ಅನುವಾದ ಬೇಕಿಲ್ಲ, ಪತ್ರದಲ್ಲೇ ಇಂಗ್ಲಿಷ್ ಇದೆ.

ಕಳಿಸುವ ಮೊದಲು ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ಪಿನ್ ಬಿಚ್ಚಲು ಬಿಡಬೇಡಿ. ಪಿನ್ ಬಿಚ್ಚಿದ ಗುರುತು ಕಂಡರೆ ಹಾಳೆ ಬದಲಾಯಿಸಿದ್ದಾರೆ ಅಂತ ಅನುಮಾನ ಪಡುತ್ತಾರೆ. ಟ್ರ್ಯಾಕ್ ಮಾಡಲು ಬರುವ ಕೊರಿಯರ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ.

## ಏಜೆಂಟರ ಬಗ್ಗೆ: ಈ ಮಾತು ಕೇಳಿದರೆ ಎದ್ದು ಬನ್ನಿ

ವಯಸ್ಸಾದವರು, ದೂರದ ಊರಿನವರು ಏಜೆಂಟರಿಗೆ ಕೊಡುವುದು ಅರ್ಥವಾಗುತ್ತದೆ. ಪ್ರಾಮಾಣಿಕವಾಗಿ ಮಾಡಿಕೊಡುವವರೂ ಇದ್ದಾರೆ. ಆದರೆ "ಒಂದೇ ದಿನದಲ್ಲಿ ಎಲ್ಲ ಸೀಲು" ಎಂದರೆ, "ಹೆಸರು ತಪ್ಪಿದ್ದರೂ ಪರವಾಗಿಲ್ಲ, ನಾವು ನೋಡಿಕೊಳ್ತೀವಿ" ಎಂದರೆ, ಮೂಲ ಪಾಸ್‌ಪೋರ್ಟನ್ನೇ ಬಿಟ್ಟು ಹೋಗಿ ಎಂದರೆ, ರಸೀದಿ ಕೊಡದಿದ್ದರೆ, "ನೋಟರಿಯಲ್ಲೇ ಅಪಾಸ್ಟಿಲ್ ಆಗುತ್ತೆ" ಎಂದರೆ ಕಾಗದ ವಾಪಸ್ ತೆಗೆದುಕೊಳ್ಳಿ. ನಕಲಿ ಸ್ಟಿಕ್ಕರ್ ಅಂಟಿದ ಪತ್ರ ವಿದೇಶದಲ್ಲಿ ಸಿಕ್ಕಿಬಿದ್ದರೆ ತೊಂದರೆಗೆ ಸಿಲುಕುವುದು ಅದನ್ನು ಕೊಟ್ಟ ನಿಮ್ಮ ಮಗ ಅಥವಾ ಮಗಳು. ಅವರ ವೀಸಾಗೂ ಕುತ್ತು ಬರಬಹುದು.

## ಅಷ್ಟಾದರೂ ಅಲ್ಲಿ ತಿರಸ್ಕರಿಸಿದರೆ

ಮೊದಲು ಕಾರಣವನ್ನು ಬರಹದಲ್ಲಿ ತರಿಸಿಕೊಳ್ಳಿ. "ದಾಖಲೆ ಸರಿಯಿಲ್ಲ" ಎಂಬ ಒಂದು ಸಾಲಿಗೆ ಒಪ್ಪಬೇಡಿ, ಯಾವ ಅಂಶ ಎಂದು ಕೇಳಿಸಿ. ಹೆಸರೋ ತಾರೀಕೋ ಆದರೆ ಹಂತ 4ಕ್ಕೆ ಮರಳಬೇಕು, ಬೇರೆ ದಾರಿಯಿಲ್ಲ. ಯಾವುದೋ ಸೀಲು ಇಲ್ಲ ಎಂದಾದರೆ ಅದು ಯಾವ ಹಂತದ್ದು ನೋಡಿ, ಅದೇ ಪತ್ರವನ್ನು ಅಲ್ಲಿಂದ ಮುಂದಕ್ಕೆ ಸಾಗಿಸಬಹುದು. ಪ್ರತಿ ಹಳೆಯದಾಯಿತು ಎಂದರೆ ಹಂತ 3ರಿಂದ ಹೊಸ ಪ್ರತಿ ತೆಗೆದು ಹೊರಡಿ. ತಿರಸ್ಕಾರದ ಆ ಪತ್ರವನ್ನು ಊರಿನ ಕಚೇರಿಗೆ ಕೊಡುವ ಅರ್ಜಿಗೂ ಲಗತ್ತಿಸಿ. ಏಕೆ ತುರ್ತು ಎಂಬುದು ಅಲ್ಲಿನ ಅಧಿಕಾರಿಗೂ ಆಗ ಸ್ಪಷ್ಟವಾಗಿ ಕಾಣುತ್ತದೆ.